ತಲೆಗೆ ಹೆಲ್ಮೆಟ್ ಸರಿ, ಮೊಣಕಾಲಿಗೇನು?

ಎರಡು ವರ್ಷದ ಹಿಂದಿನ ದೀಪಾವಳಿ. ಪುಣೆಯಿಂದ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದು ಊರು ಸೇರಿದ್ದೆ. ಮಧ್ಯಾಹ್ನ ಪಡಸಾಲೆಯಲ್ಲಿ ಸಾಲಾಗಿ ತಾಟು ಹಾಕಿದರು. ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತರು. ನಾನು ಗೋಡೆ ಹಿಡಿದು, ಎಡಗಾಲನ್ನು ಮುಂದೆ ಚಾಚಿ ಹೇಗೋ ಕೂರಲು ನೋಡಿದೆ. ಹೋಳಿಗೆ ಬಡಿಸುತ್ತ ಬಂದ ಅವ್ವ ಅಲ್ಲೇ ನಿಂತಳು. ‘ಯಾಕಪಾ, ಕಾಲ ಮಡಚಿ ಕುಂದರವಲ್ಲಿ? ಏನಾಗೇತಿ?’

ನಾನು ಏನೋ ತೊದಲಿದೆ. ಅಪ್ಪ ಏನೂ ಕೇಳಲಿಲ್ಲ. ಎದ್ದು ಹೋಗಿ ಒಳಗಿನಿಂದ ಒಂದು ಕುರ್ಚಿ ತಂದು ಹಾಕಿದರು. ಎಪ್ಪತ್ತು ದಾಟಿದ ಅಪ್ಪ ನೆಲದ ಮೇಲೆ, ಮೂವತ್ನಾಲ್ಕರ ಮಗ ಕುರ್ಚಿಯ ಮೇಲೆ. ಆ ಊಟ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಮನೆಯವರಿಗೆ ನಾನು ಏನನ್ನೂ ಹೇಳಿರಲಿಲ್ಲ. ವಿಡಿಯೊ ಕರೆಯಲ್ಲಿ ಮುಖ ಮಾತ್ರ ಕಾಣುತ್ತದೆ, ಮೊಣಕಾಲು ಕಾಣುವುದಿಲ್ಲ. ಪಂಚಮಿಗೆ ಬರಲಿಲ್ಲವೇಕೆ ಎಂದಾಗ ‘ಪ್ರಾಜೆಕ್ಟ್ ರಿಲೀಸ್ ಅದ’ ಎಂದಿದ್ದೆ. ಅವ್ವ ಶೇಂಗಾ ಉಂಡಿ, ಎಳ್ಳುಂಡಿಯ ಡಬ್ಬಿಯನ್ನು ಬಸ್ಸಿಗೆ ಹಾಕಿ ಕಳಿಸಿದ್ದಳು. ಅದನ್ನು ತರಲು ನಾನು ಹೋಗುವಂತಿರಲಿಲ್ಲ. ಹಾಸನದ ಗೆಳೆಯನೊಬ್ಬ ತಂದುಕೊಟ್ಟ. ಉಂಡಿಯನ್ನು ಹಾಸಿಗೆಯಲ್ಲಿ ಕಾಲಡಿ ಎರಡು ದಿಂಬು ಇಟ್ಟುಕೊಂಡೇ ತಿಂದೆ.

ಆಗಿದ್ದಿಷ್ಟು. ಆ ಆಷಾಢದ ಒಂದು ಭಾನುವಾರ ನಾವು ಐದು ಜನ ಪಾನಶೇತ್ ಕಡೆಯ ಒಂದು ಮಣ್ಣಿನ ಹಾದಿಗೆ ಹೋಗಿದ್ದೆವು. ಮಳೆ ಬಿದ್ದು ಕೆಂಪು ಮಣ್ಣು ಸೋಪಿನಂತಾಗಿತ್ತು. ಒಂದು ಸಣ್ಣ ಇಳಿಜಾರಿನ ತಿರುವು. ವೇಗ ಗಂಟೆಗೆ ಹದಿನೈದು ಕಿಲೋಮೀಟರ್ ಇದ್ದರೆ ಹೆಚ್ಚು. ಮುಂದಿನ ಚಕ್ರ ಜಾರಿತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಎಡಗಾಲನ್ನು ನೆಲಕ್ಕೆ ಊರಿದೆ. ಪಾದ ಕೆಸರಿನಲ್ಲಿ ಹೂತು ನಿಂತಿತು. ಸುಮಾರು ಎರಡು ಕ್ವಿಂಟಲ್ ತೂಕದ ಬೈಕು ನಿಲ್ಲಲಿಲ್ಲ, ನನ್ನ ದೇಹವನ್ನೂ ಎಳೆದುಕೊಂಡು ಮುಂದೆ ಹೋಯಿತು. ಮೊಣಕಾಲಿನೊಳಗೆ ‘ಟಕ್’ ಎಂದ ಸದ್ದು ನನಗೆ ಕಿವಿಯಲ್ಲಿ ಕೇಳಿಸಿತು. ಎಂಆರ್‌ಐ ವರದಿಯಲ್ಲಿ ಎಸಿಎಲ್ ಎಂಬ ಲಿಗಮೆಂಟ್ ಪೂರ್ತಿ ಹರಿದಿದೆ, ಮೆನಿಸ್ಕಸ್ಸಿನ ಅಂಚು ಸೀಳಿದೆ ಎಂದು ಬಂತು.

ನಾನು ಮೊಣಕಾಲಿಗೆ ಏನೂ ಹಾಕಿರಲಿಲ್ಲ ಎಂದಲ್ಲ. ಹಾಕಿದ್ದೆ. ರಸ್ತೆ ಬದಿಯ ಅಂಗಡಿಯಲ್ಲಿ ಕೊಂಡ, ಎರಡು ಇಲಾಸ್ಟಿಕ್ ಪಟ್ಟಿಯ ಪ್ಲಾಸ್ಟಿಕ್ ಬಟ್ಟಲು. ಬಿದ್ದಾಗ ಅದು ಮೊಣಕಾಲಿನ ಮೇಲಿರಲಿಲ್ಲ, ಜಾರಿ ಮೀನಖಂಡದ ಪಕ್ಕಕ್ಕೆ ಹೋಗಿತ್ತು. ಸರಿಯಾದ ಜಾಗದಲ್ಲಿ ಇದ್ದಿದ್ದರೂ ನನಗಾದ ಗಾಯವನ್ನು ಅದು ತಡೆಯುತ್ತಿರಲಿಲ್ಲ. ಇದು ನನಗೆ ಅರ್ಥವಾದದ್ದು ಆಪರೇಷನ್ ಆದ ಮೇಲೆ, ಹಾಸಿಗೆಯಲ್ಲಿ ಮಲಗಿ ಓದಲು ಪುರುಸೊತ್ತು ಸಿಕ್ಕಾಗ. ಕೊಳ್ಳುವ ಮುಂಚೆ ಓದಬೇಕಾದದ್ದನ್ನು ನಾನು ಬಿದ್ದ ಮೇಲೆ ಓದಿದೆ. ನೀವು ಹಾಗೆ ಮಾಡಬಾರದು ಎಂಬುದಕ್ಕೇ ಈ ಬರಹ.

ಊರು ಬಿಟ್ಟು ಬಂದ ನಮ್ಮಂಥವರಲ್ಲಿ ಈ ಹುಚ್ಚು ಹೆಚ್ಚುತ್ತಿರುವುದಕ್ಕೆ ಕಾರಣವಿದೆ. ವಾರವಿಡೀ ಪರದೆಯ ಮುಂದೆ ಕೂತವರಿಗೆ ಶನಿವಾರ ಬಂದರೆ ಮಣ್ಣು ಬೇಕು. ಪುಣೆ, ಮುಂಬೈಯವರಿಗೆ ಸಹ್ಯಾದ್ರಿ ಪಕ್ಕದಲ್ಲೇ ಇದೆ. ದೆಹಲಿಯವರು ರಜೆ ಕೂಡಿಸಿಕೊಂಡು ಸ್ಪಿತಿಗೆ ಹೊರಡುತ್ತಾರೆ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು, 2019ರಲ್ಲಿ ಹೀರೊ ಎಕ್ಸ್‌ಪಲ್ಸ್ 200 ಬಂತು. ಅಲ್ಲಿಗೆ ಕಚ್ಚಾ ರಸ್ತೆಯ ಸವಾರಿ ನಮ್ಮ ಸಂಬಳದ ಅಳತೆಗೆ ಇಳಿಯಿತು. ಬೈಕಿನ ಕಂತು ಶುರುವಾದ ತಿಂಗಳಲ್ಲೇ ಕ್ರ್ಯಾಶ್ ಗಾರ್ಡ್, ಬ್ಯಾಷ್ ಪ್ಲೇಟ್, ಫಾಗ್ ಲ್ಯಾಂಪು, ಫೋನ್ ಹೋಲ್ಡರು ಎಲ್ಲವೂ ಬರುತ್ತವೆ. ಎಂಜಿನ್ನಿನ ಹೊಟ್ಟೆಗೆ ಕಲ್ಲು ತಾಗಬಾರದೆಂದು ಲೋಹದ ತಟ್ಟೆ ಹಾಕಿಸುತ್ತೇವೆ. ನಮ್ಮ ಮೊಣಕಾಲು ಜೀನ್ಸ್ ಪ್ಯಾಂಟಿನೊಳಗೇ ಇರುತ್ತದೆ.

ತಲೆಯ ವಿಷಯದಲ್ಲಿ ಕಾನೂನು ನಮ್ಮನ್ನು ದಾರಿಗೆ ತಂದಿದೆ. ಹೆಲ್ಮೆಟ್ ಕಡ್ಡಾಯ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೂ ಇಲ್ಲ. ಮೊಣಕಾಲಿನ ಬಗ್ಗೆ ಕಾನೂನು ಏನನ್ನೂ ಕಡ್ಡಾಯ ಮಾಡಿಲ್ಲ, ಮಾಡಲಿ ಎಂದು ನಾನು ಕೇಳುತ್ತಲೂ ಇಲ್ಲ. ಆದರೆ ಕಡ್ಡಾಯವಿಲ್ಲದ್ದನ್ನು ಕೊಳ್ಳುವಾಗ ನಮ್ಮ ಬುದ್ಧಿಯನ್ನೇ ನಂಬಬೇಕು. ಆನ್‌ಲೈನಿನಲ್ಲಿ ಹುಡುಕಿದರೆ ಕೆಲವು ನೂರು ರೂಪಾಯಿಯಿಂದ ಹತ್ತಾರು ಸಾವಿರದವರೆಗೂ ‘ಮೊಣಕಾಲು ರಕ್ಷಣೆ’ ಸಿಗುತ್ತದೆ. ಎಲ್ಲವೂ ಕಪ್ಪಗಿರುತ್ತವೆ, ಎಲ್ಲದರ ಮೇಲೂ ‘ಪ್ರೊ’ ಎಂದು ಬರೆದಿರುತ್ತದೆ. ಯಾವುದನ್ನು ಆರಿಸುವುದು?

ಬ್ರ್ಯಾಂಡಿನಿಂದ ಶುರು ಮಾಡಬೇಡಿ. ಮೊಣಕಾಲಿಗೆ ಏನಾಗುತ್ತದೆ ಎಂಬುದರಿಂದ ಶುರು ಮಾಡಿ. ತೊಡೆಮೂಳೆ ಮತ್ತು ಅದರ ಕೆಳಗಿನ ದಪ್ಪ ಮೂಳೆ ನಮ್ಮ ದೇಹದ ಎರಡು ಅತಿ ಉದ್ದದ ಮೂಳೆಗಳು. ಅವುಗಳ ನಡುವಿನ ಕೀಲು ಇದು. ಎರಡು ಉದ್ದನೆಯ ಸನ್ನೆಗೋಲುಗಳು ಒಂದೇ ಕಡೆ ಕೂಡಿದರೆ ಆ ಜಾಗದ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂಬುದು ಎಂಜಿನಿಯರಿಂಗ್ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಾಗಿಲ ತಿರುಗಣಿಯಂತೆ ಮುಖ್ಯವಾಗಿ ಹಿಂದೆ ಮುಂದೆ ಮಡಚಲು ಅದು ಸಮರ್ಥ. ಪಕ್ಕಕ್ಕೆ ಬಾಗುವುದು, ತಿರುಚುವುದು ಅದಕ್ಕೆ ಆಗದ ಕೆಲಸ. ನಾಲ್ಕು ಮುಖ್ಯ ಲಿಗಮೆಂಟುಗಳು ಹಗ್ಗದಂತೆ ಅದನ್ನು ಕಟ್ಟಿ ಹಿಡಿದಿವೆ. ನಡುವೆ ಮೆನಿಸ್ಕಸ್ ಎಂಬ ಮೃದು ಬಿಲ್ಲೆಗಳು, ಮುಂದೆ ಮಂಡಿಚಿಪ್ಪು.

ಕಚ್ಚಾ ದಾರಿಯಲ್ಲಿ ಈ ಕೀಲಿಗೆ ಅಪಾಯ ಎರಡು ಬಗೆ. ಒಂದು ಏಟು. ಬಿದ್ದು ಮಂಡಿ ಕಲ್ಲಿಗೆ ತಾಗುವುದು, ಹ್ಯಾಂಡಲ್ಲಿಗೆ ಬಡಿಯುವುದು, ಹಿಂದಿನವರ ಚಕ್ರ ಎಸೆದ ಕಲ್ಲು ಬಂದು ಹೊಡೆಯುವುದು. ಚರ್ಮ ಸುಲಿಯುತ್ತದೆ, ಚಿಪ್ಪು ಒಡೆಯುತ್ತದೆ. ಇನ್ನೊಂದು ತಿರುಚು. ಪಾದ ಒಂದು ಕಡೆ ನಿಂತು ದೇಹ ಇನ್ನೊಂದು ಕಡೆ ಹೋಗುವುದು, ಕಾಲು ಹಿಮ್ಮುಖವಾಗಿ ಅತಿಯಾಗಿ ಚಾಚುವುದು, ಬೈಕು ಪಕ್ಕದಿಂದ ಕಾಲಿನ ಮೇಲೆ ಬೀಳುವುದು. ಚರ್ಮದ ಮೇಲೆ ಗೀರೂ ಇರುವುದಿಲ್ಲ, ಒಳಗೆ ಹಗ್ಗ ಹರಿದಿರುತ್ತದೆ. ಏಟಿಗೆ ಒಂದು ಮದ್ದು, ತಿರುಚಿಗೆ ಇನ್ನೊಂದು. ಈ ಎರಡನ್ನು ಒಂದೇ ಎಂದುಕೊಂಡದ್ದೇ ನನ್ನ ತಪ್ಪು. ನಮ್ಮ ಗುಂಪುಗಳಲ್ಲಿ ಈಗಲೂ ಹೆಚ್ಚಿನವರು ಮಾಡುತ್ತಿರುವ ತಪ್ಪೂ ಅದೇ.

ಮೊದಲು ಏಟಿನ ಮಾತು. ಇದಕ್ಕೆ ಬೇಕಾದದ್ದು ನೀ ಗಾರ್ಡ್. ಇಲ್ಲಿ ಒಂದು ಅಳತೆಗೋಲು ಇದೆ. ಯುರೋಪಿನ ‘ಇಎನ್ 1621-1’ ಎಂಬ ಮಾನದಂಡ. ಮೋಟಾರ್‌ಸೈಕಲ್ ಸವಾರರ ಕೈಕಾಲಿನ ಕವಚಗಳಿಗೆಂದೇ ಇದು ಇದೆ. ಪರೀಕ್ಷೆಯಲ್ಲಿ ಕವಚದ ಮೇಲೆ 50 ಜೂಲ್ ಶಕ್ತಿಯ ಹೊಡೆತ ಹಾಕುತ್ತಾರೆ. ಕಿರಾಣಿ ಅಂಗಡಿಯ ತಕ್ಕಡಿಗೆ ಇಡುತ್ತಿದ್ದ ಐದು ಕೆ.ಜಿ.ಯ ಕಬ್ಬಿಣದ ತೂಕದ ಕಲ್ಲನ್ನು ಒಂದು ಮೀಟರ್ ಎತ್ತರದಿಂದ ಮಂಡಿಯ ಮೇಲೆ ಬಿಟ್ಟಂತೆ ಎಂದುಕೊಳ್ಳಿ. ಆಗ ಕವಚದ ಆಚೆ ಬದಿಗೆ ಎಷ್ಟು ಬಲ ದಾಟಿತು ಎಂದು ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 20ರ ಒಳಗಿದ್ದರೆ ಲೆವೆಲ್ 2. ಕಿಲೋನ್ಯೂಟನ್ ಲೆಕ್ಕ ಬೇಡವೆಂದರೆ, ಕ್ಷಣಮಾತ್ರ ಮೂರೂವರೆ ಟನ್ ಭಾರ ಬಿದ್ದಂತೆ ಮತ್ತು ಎರಡು ಟನ್ ಬಿದ್ದಂತೆ. ಎರಡರ ಅಂತರ ಸಣ್ಣದಲ್ಲ. ಬೆಲೆಯಲ್ಲಿ ಅಂಥ ದೊಡ್ಡ ಅಂತರವೂ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಮಣ್ಣಿನ ಹಾದಿಗೆ ಲೆವೆಲ್ 2 ಕೊಳ್ಳಿ.

ಕವಚವನ್ನು ತಿರುಗಿಸಿ ಒಳಬದಿಯ ಗುರುತು ಓದಿ. ಬರೀ ‘ಸಿಇ’ ಎಂಬ ಎರಡಕ್ಷರ ಸಾಲದು. ಆ ಮಾನದಂಡದ ಸಂಖ್ಯೆ ಇರಬೇಕು. ಮೊಣಕಾಲಿಗೆ ಎಂಬುದಕ್ಕೆ ಇಂಗ್ಲಿಷಿನ ‘ಕೆ’ ಅಕ್ಷರ ಇರಬೇಕು. ಪಕ್ಕದಲ್ಲಿ ‘ಎ’ ಅಥವಾ ‘ಬಿ’ ಇರುತ್ತದೆ. ‘ಎ’ ಸಣ್ಣ ಹರವಿನದು, ‘ಬಿ’ ದೊಡ್ಡ ಹರವಿನದು. ‘ಟಿ ಪ್ಲಸ್’ ಇದ್ದರೆ 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ‘ಟಿ ಮೈನಸ್’ ಇದ್ದರೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಕೂಡ ಪರೀಕ್ಷೆ ಪಾಸಾಗಿದೆ ಎಂದರ್ಥ. ಫೋಮು ಬಿಸಿಲಿಗೆ ಮೆತ್ತಗಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಬೇಸಿಗೆಯ ಹೈದರಾಬಾದಿನವರಿಗೆ ಮೊದಲನೆಯದು, ಲಡಾಖ್ ಕನಸು ಇರುವವರಿಗೆ ಎರಡನೆಯದು ಮುಖ್ಯ.

ಒಳಗಿನ ವಸ್ತು ಗಟ್ಟಿಯೋ ಮೆತ್ತಗೋ ಎಂಬುದು ಮುಂದಿನ ಪ್ರಶ್ನೆ. ಅಡುಗೆಮನೆಯಲ್ಲಿ ಕಾರ್ನ್‌ಫ್ಲೋರನ್ನು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ ನೋಡಿ. ನಿಧಾನ ಬೆರಳಿಟ್ಟರೆ ಒಳಗಿಳಿಯುತ್ತದೆ, ಗುದ್ದಿದರೆ ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಡಿ3ಓ ಮುಂತಾದ ಮೆತ್ತನೆಯ ಕವಚಗಳ ಗುಣ ಬಹುಮಟ್ಟಿಗೆ ಇದೇ. ಧರಿಸಲು ಹಿತ, ನಡೆಯಲು ಸಲೀಸು. ಆದರೆ ಸಹ್ಯಾದ್ರಿಯ ಕಪ್ಪು ಬಸಾಲ್ಟ್ ಕಲ್ಲಿನ ಚೂಪು ಮೂಲೆಗೆ ಮಂಡಿ ಬಡಿದಾಗ ಏಟು ಒಂದು ಬಿಂದುವಿನಲ್ಲಿ ಬೀಳುತ್ತದೆ. ಅಲ್ಲಿ ಹೊರಗೆ ಗಟ್ಟಿ ಚಿಪ್ಪು, ಒಳಗೆ ಮೆತ್ತನೆಯ ಫೋಮು ಇರುವ ಗಾರ್ಡೇ ಮೇಲು. ಚಿಪ್ಪು ಏಟನ್ನು ಅಗಲಕ್ಕೆ ಹಂಚುತ್ತದೆ, ಕಲ್ಲಿನ ಮೇಲೆ ಸಿಕ್ಕಿಕೊಳ್ಳದೆ ಜಾರುತ್ತದೆ. ಮೊಣಕಾಲಿನಿಂದ ಕೆಳಗೆ ಬೂಟಿನೊಳಗೆ ಇಳಿಯುವಷ್ಟು ಉದ್ದದ್ದನ್ನೇ ತೆಗೆದುಕೊಳ್ಳಿ. ಗಾರ್ಡು ಮುಗಿದು ಬೂಟು ಶುರುವಾಗುವ ನಡುವೆ ಬರಿಗಾಲು ಉಳಿಯಬಾರದು.

ಎಷ್ಟೇ ಒಳ್ಳೆಯ ಗಾರ್ಡ್ ಆದರೂ ಜಾರಿದರೆ ಇಲ್ಲದ್ದಕ್ಕೆ ಸಮ. ಅಂಗಡಿಗೆ ಹೋಗುವಾಗ ಸವಾರಿಯ ಪ್ಯಾಂಟು, ಬೂಟು ಎರಡನ್ನೂ ಒಯ್ಯಿರಿ. ಹಾಕಿಕೊಂಡು ಹತ್ತು ಬಸ್ಕಿ ಹೊಡೆಯಿರಿ. ಬೈಕಿನ ಮೇಲೆ ಕೂತು ನೋಡಿ, ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ನೋಡಿ. ಆಮೇಲೆ ಎರಡೂ ಕೈಯಿಂದ ಗಾರ್ಡನ್ನು ಪಕ್ಕಕ್ಕೆ ತಿರುಗಿಸಲು ಯತ್ನಿಸಿ. ಸುಲಭವಾಗಿ ತಿರುಗಿದರೆ ಕೊಳ್ಳಬೇಡಿ. ಮೊಣಕಾಲಿನ ಮೇಲೆ ಒಂದು, ಕೆಳಗೆ ಒಂದು ಪಟ್ಟಿ ಇರಲೇಬೇಕು. ಪ್ಯಾಂಟಿನ ಜೇಬಿನಲ್ಲಿ ಬರುವ ಕವಚವನ್ನೇ ನೆಚ್ಚುವವರು ಒಂದು ವಿಷಯ ಗಮನಿಸಿ. ಕಾಲು ಮಡಚಿದಾಗ ಪ್ಯಾಂಟು ಮೇಲೆ ಸರಿಯುತ್ತದೆ. ನಿಂತಾಗ ಸರಿಯಾಗಿ ಕಂಡ ಕವಚ ಕೂತಾಗ ಎಲ್ಲಿರುತ್ತದೆ ಎಂಬುದನ್ನು ಬೈಕಿನ ಮೇಲೇ ನೋಡಬೇಕು. ಇಷ್ಟೆಲ್ಲ ಮಾಡುವಾಗ ಅಂಗಡಿಯವನು ನಗಬಹುದು, ನಗಲಿ.

ಈಗ ತಿರುಚಿನ ಮಾತು. ಗಾರ್ಡು ಎಷ್ಟೇ ದುಬಾರಿಯಾದರೂ ತಿರುಚನ್ನು ತಡೆಯುವುದಿಲ್ಲ, ಅದು ಅದರ ಕೆಲಸವೇ ಅಲ್ಲ. ಅದಕ್ಕೆಂದು ಇರುವುದು ನೀ ಬ್ರೇಸ್. ತೊಡೆಗೆ ಒಂದು ಚೌಕಟ್ಟು, ಮೊಣಕಾಲಿನ ಕೆಳಗೆ ಇನ್ನೊಂದು ಚೌಕಟ್ಟು, ನಡುವೆ ಎರಡೂ ಬದಿಗೆ ತಿರುಗಣಿ. ಕಾರ್ಬನ್ ಫೈಬರ್, ಅಲ್ಯುಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮಾಡಿರುತ್ತಾರೆ. ಮಡಚಲು ಬಿಡುತ್ತದೆ, ಪಕ್ಕಕ್ಕೆ ಬಾಗದಂತೆ, ಅತಿಯಾಗಿ ಹಿಂದಕ್ಕೆ ಚಾಚದಂತೆ ತಡೆಯುತ್ತದೆ, ತಿರುಚನ್ನು ಸ್ವಲ್ಪ ಮಟ್ಟಿಗೆ ಹಿಡಿಯುತ್ತದೆ. ಲಿಗಮೆಂಟಿನ ಮೇಲೆ ಬೀಳಬೇಕಾದ ಹೊರೆಯ ಒಂದು ಪಾಲನ್ನು ಚೌಕಟ್ಟು ಹೊರುತ್ತದೆ ಎಂಬುದು ಇದರ ತತ್ತ್ವ.

ಕೆಲಸ ಮಾಡುತ್ತದೆಯೇ? ಆಫ್‌ರೋಡ್ ಸವಾರರ ಮೇಲೆ ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಬ್ರೇಸ್ ಧರಿಸಿದವರಿಗಿಂತ ಧರಿಸದವರಲ್ಲಿ ಎಸಿಎಲ್ ಗಾಯ ಹೆಚ್ಚಾಗಿ ಕಂಡುಬಂತು. ಇದು ಬ್ರೇಸ್ ಪರವಾದ ಮಾತು. ಆದರೆ ಬ್ರೇಸಿಗೆ ಅಷ್ಟು ಹಣ ಹಾಕುವವರು ಒಳ್ಳೆಯ ಬೂಟಿಗೂ ತರಬೇತಿಗೂ ಹಾಕಿರಬಹುದು ಎಂಬುದನ್ನು ಮರೆಯಬಾರದು. ಬ್ರೇಸ್ ಹಾಕಿದರೆ ಲಿಗಮೆಂಟ್ ಹರಿಯುವುದೇ ಇಲ್ಲ ಎಂಬ ಖಾತರಿಯನ್ನು ಪ್ರಾಮಾಣಿಕ ವೈದ್ಯರು ಯಾರೂ ಕೊಡುವುದಿಲ್ಲ. ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ನನ್ನ ಓದಿಗೆ ದಕ್ಕಿದ್ದು ಇಷ್ಟು.

ಬ್ರೇಸ್ ಕೊಳ್ಳುವುದೇ ಆದರೆ ಮೂರು ಮಾತು. ಒಂದು, ಜೊತೆಯಾಗಿ ಕೊಳ್ಳಿ. ಯಾವ ಕಾಲು ಊರುತ್ತೀರಿ ಎಂಬುದನ್ನು ಬೀಳುವಾಗ ನೀವು ತೀರ್ಮಾನಿಸುವುದಿಲ್ಲ. ಎರಡು, ಕಂಪನಿ ಹೇಳಿದ ಜಾಗದಲ್ಲಿ ತೊಡೆ ಮತ್ತು ಮೀನಖಂಡದ ಸುತ್ತಳತೆ ತೆಗೆದುಕೊಂಡು ಗಾತ್ರ ಆರಿಸಿ. ತಿರುಗಣಿ ಮೊಣಕಾಲಿನ ನಡುಗೆರೆಗೆ ಸರಿಯಾಗಿ ಕೂರಬೇಕು. ಎರಡು ಬೆರಳಿನಷ್ಟು ಕೆಳಗೆ ಜಾರಿದ ಬ್ರೇಸ್ ಕೀಲು ಮಡಚುವ ಜಾಗ ಬಿಟ್ಟು ಬೇರೆಡೆ ಮಡಚಲು ನೋಡುತ್ತದೆ. ಮೂರು, ಬ್ರೇಸಿನ ಮಂಡಿಬಟ್ಟಲಿಗೂ ‘ಇಎನ್ 1621-1’ ಗುರುತು ಇದೆಯೇ ನೋಡಿ. ಕೆಲವಕ್ಕೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ತಿರುಚಿಗೆ ಹತ್ತಾರು ಸಾವಿರ ಕೊಟ್ಟು ಏಟಿಗೆ ಮಂಡಿ ಬಿಟ್ಟುಕೊಟ್ಟಂತಾಗಬಾರದು. ಹಿಂದೆ ಗಾಯವಾದವರು ಮೊದಲು ಮೂಳೆ ವೈದ್ಯರ ಮಾತು ಕೇಳಿ. ಮೆಡಿಕಲ್ ಅಂಗಡಿಯ ಬಟ್ಟೆಯ ‘ನೀ ಕ್ಯಾಪ್’ ಈ ಎರಡರಲ್ಲಿ ಯಾವುದೂ ಅಲ್ಲ. ಅದು ಬೆಚ್ಚಗಿಡುತ್ತದೆ, ಅಷ್ಟೆ.

ಹಾಗಾದರೆ ಯಾರಿಗೆ ಯಾವುದು? ಇಲ್ಲಿ ನಮಗೆ ನಾವೇ ಸುಳ್ಳು ಹೇಳಿಕೊಳ್ಳದಿರುವುದು ಮುಖ್ಯ. ಹೆಚ್ಚಾಗಿ ಡಾಂಬರಿನಲ್ಲೇ ಓಡಾಡಿ, ವರ್ಷಕ್ಕೊಮ್ಮೆ ಕಚ್ಚಾ ರಸ್ತೆ ಕಾಣುವವರಿಗೆ ಸರಿಯಾಗಿ ಕೂರುವ ಲೆವೆಲ್ 2 ಕವಚವಿರುವ ಸವಾರಿ ಪ್ಯಾಂಟು ಸಾಕು. ತಿಂಗಳಿಗೆ ಒಂದೆರಡು ಸಲ ಮಣ್ಣು, ಕಲ್ಲು, ಹಳ್ಳ ದಾಟುವವರಿಗೆ ಗಟ್ಟಿ ಚಿಪ್ಪಿನ ಉದ್ದನೆಯ ನೀ ಗಾರ್ಡ್ ಬೇಕು. ನಮ್ಮಲ್ಲಿ ಬಹುಪಾಲು ಜನ ಈ ಗುಂಪಿನವರು. ವಾರವಾರ ಟ್ರ್ಯಾಕಿನಲ್ಲಿ ಹಾರುವವರು, ಭಾರದ ಬೈಕನ್ನು ಕಡಿದಾದ ಜಾಗಕ್ಕೆ ಏರಿಸುವವರು, ಒಮ್ಮೆ ಮೊಣಕಾಲು ಹೋಗಿ ಮರಳಿ ಬಂದವರು ಬ್ರೇಸಿನ ಬಗ್ಗೆ ಯೋಚಿಸಬೇಕು. ನಾನೀಗ ಮೂರನೆಯ ಗುಂಪಿನ ಕೊನೆಯ ಸಾಲಿನಲ್ಲಿದ್ದೇನೆ.

ಎರಡನೆಯ ಗುಂಪಿನವರು ಕೇಳಬಹುದು: ಗಾರ್ಡು ತಿರುಚನ್ನು ತಡೆಯದಿದ್ದರೆ ನಮಗಾರು ದಿಕ್ಕು? ಉತ್ತರ ಅಂಗಡಿಯಲ್ಲಿಲ್ಲ. ಕಾಲು ಊರುವ ಅಭ್ಯಾಸ ಬಿಡಿಸಿಕೊಳ್ಳುವುದೇ ಅದು. ನಿಂತು ಸವಾರಿ ಮಾಡುವುದು, ಮಂಡಿಯಿಂದ ಟ್ಯಾಂಕನ್ನು ಹಿಡಿಯುವುದು, ನಿಧಾನ ವೇಗದಲ್ಲಿ ಕ್ಲಚ್ ಮತ್ತು ಹಿಂಬ್ರೇಕಿನಿಂದ ಸಮತೋಲ ಕಾಯುವುದು, ಬೈಕು ಕೈಮೀರಿದಾಗ ಅದನ್ನು ಉಳಿಸಲು ಹೋಗದೆ ಬೀಳಲು ಬಿಡುವುದು. ಎರಡು ಕ್ವಿಂಟಲ್ ಬೈಕನ್ನು ಒಂದು ಕಾಲಿನಿಂದ ತಡೆಯಲು ಯಾರಿಂದಲೂ ಆಗದು. ಬೈಕು ಬಿದ್ದರೆ ಲಿವರ್ ಮುರಿಯುತ್ತದೆ, ಪುಣೆಯ ನಾನಾ ಪೇಠೆಯಲ್ಲಿ ಹೊಸದು ಸಿಗುತ್ತದೆ. ಎಸಿಎಲ್ ಅಲ್ಲಿ ಸಿಗುವುದಿಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. 2019ರಲ್ಲಿ ಅದನ್ನು ಮುಗಿಸಿದ ಕೆ.ಪಿ. ಅರವಿಂದ್ ಉಡುಪಿಯವರು. ಸಂತೋಷ್ ಅವರು ಕೋಲಾರದ ಕಡೆ ಮಣ್ಣಿನ ಸವಾರಿ ಕಲಿಸುವ ಜಾಗವನ್ನೇ ಕಟ್ಟಿದ್ದಾರೆ. ಅದೇ ಸಂತೋಷ್ 2021ರ ಡಕಾರ್‌ನಲ್ಲಿ ಬಿದ್ದು, ತಲೆಗೆ ಪೆಟ್ಟಾಗಿ, ಆಸ್ಪತ್ರೆಯಲ್ಲಿ ಜೀವನ್ಮರಣದ ಹೋರಾಟ ನಡೆಸಿ ಎದ್ದು ಬಂದರು. ತಲೆಯಿಂದ ಪಾದದವರೆಗೆ ಕವಚ ತೊಟ್ಟು, ವರ್ಷಗಟ್ಟಲೆ ಕಲಿತವರ ಪಾಡೇ ಹೀಗಾದರೆ, ಚಪ್ಪಲಿ ಬಿಟ್ಟು ಶೂ ಹಾಕಿದ್ದನ್ನೇ ಸುರಕ್ಷತೆ ಎಂದುಕೊಂಡ ನಮ್ಮ ಪಾಡೇನು? ರಜೆಗೆ ಊರಿಗೆ ಹೋದಾಗ ಒಂದೆರಡು ದಿನದ ತರಬೇತಿಗೆ ಹಣ ಹಾಕಿ. ಎಕ್ಸಾಸ್ಟ್ ಬದಲಿಸುವುದಕ್ಕಿಂತ ಅದು ಉಪಯೋಗದ ಖರ್ಚು.

ಬೂಟಿನ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಮೊಣಕಾಲು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಗಟ್ಟಿ ಆಫ್‌ರೋಡ್ ಬೂಟು ಹಿಮ್ಮಡಿಯ ಕೀಲನ್ನು ಕಾಯುತ್ತದೆ. ಆದರೆ ಅಲ್ಲಿ ತಡೆದ ತಿರುಚು ಮೇಲಿನ ಕೀಲಿಗೆ ಏರಬಹುದು. ಆದ್ದರಿಂದ ಬೂಟು ಕೊಂಡ ಮೇಲೆ ಮೊಣಕಾಲಿಗೆ ಏನೂ ಬೇಡ ಎಂಬ ಲೆಕ್ಕ ತಲೆಕೆಳಗು. ಎರಡೂ ಒಟ್ಟಿಗೆ ಇರಬೇಕು.

ಗೆಳೆಯರು ಹೇಳುವ ನೆಪಗಳು ನನಗೆ ಗೊತ್ತು, ನಾನೇ ಹೇಳಿದವು. ‘ಬೆವರುತ್ತದೆ.’ ಹೌದು. ಪ್ಲಾಸ್ಟರಿನೊಳಗೂ ಬೆವರುತ್ತದೆ. ‘ಸಣ್ಣ ದಾರಿಗೆ ಅಷ್ಟೆಲ್ಲ ಯಾಕೆ?’ ನಾನು ಬಿದ್ದದ್ದು ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ. ‘ದುಬಾರಿ.’ ಇದಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು.

ಪೂರ್ತಿ ಹರಿದ ಎಸಿಎಲ್ ಸಾಮಾನ್ಯವಾಗಿ ತಾನಾಗಿ ಕೂಡುವುದಿಲ್ಲ. ತೊಡೆಯ ಹಿಂಬದಿಯ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ತೆಗೆದು, ಮೂಳೆಯಲ್ಲಿ ರಂಧ್ರ ಕೊರೆದು ಹೊಸದನ್ನು ಕೂರಿಸುತ್ತಾರೆ. ಆಟಕ್ಕೆ, ಸವಾರಿಗೆ ಮರಳಲು ಒಂಬತ್ತು ತಿಂಗಳಿಂದ ಒಂದು ವರ್ಷ. ಮುಂದೆ ಆ ಕೀಲಿಗೆ ಸಂಧಿವಾತದ ಸಾಧ್ಯತೆಯೂ ಹೆಚ್ಚು. ನನ್ನ ಆಪರೇಷನ್ ಖರ್ಚನ್ನು ಕಂಪನಿಯ ವಿಮೆ ಕೊಟ್ಟಿತು, ತಿಂಗಳುಗಟ್ಟಲೆಯ ಫಿಸಿಯೋಥೆರಪಿಯನ್ನು ಕೊಡಲಿಲ್ಲ. ನಿಮ್ಮ ವಿಮಾ ಪತ್ರವನ್ನು ಇವತ್ತೇ ತೆಗೆದು ನೋಡಿ. ನಮ್ಮ ದೇಶದ ಆರೋಗ್ಯ ವಿಮೆಯ ಪ್ರಮಾಣಿತ ಷರತ್ತಿನ ಪ್ರಕಾರ, ಸಾಹಸ ಕ್ರೀಡೆಯಲ್ಲಿ ವೃತ್ತಿಪರರಾಗಿ ಭಾಗವಹಿಸಿ ಗಾಯವಾದರೆ ಹಣ ಬರುವುದಿಲ್ಲ, ಮೋಟಾರ್ ರೇಸಿಂಗ್ ಆ ಪಟ್ಟಿಯಲ್ಲಿದೆ. ವಾರಾಂತ್ಯದ ಹವ್ಯಾಸ ಅದರಲ್ಲಿ ಬರುವುದಿಲ್ಲವಾದರೂ, ನಿಮ್ಮ ಕಂಪನಿಯ ಗುಂಪು ವಿಮೆಯಲ್ಲಿ ಏನು ಬರೆದಿದೆ ಎಂಬುದನ್ನು ಎಚ್‌ಆರ್ ಬಳಿ ಬರಹದಲ್ಲೇ ಕೇಳಿ. ಕೆಲಸ ಬಿಟ್ಟ ದಿನ ಆ ವಿಮೆಯೂ ಹೋಗುತ್ತದೆ ಎಂಬುದು ನೆನಪಿರಲಿ.

ಹಣದ ಲೆಕ್ಕಕ್ಕೆ ಸಿಗದ್ದು ಇನ್ನೊಂದಿದೆ. ಊರಲ್ಲಿ ಕಾಲು ಮುರಿದುಕೊಂಡವನಿಗೆ ಮನೆ ತುಂಬ ಜನ ಇರುತ್ತಾರೆ. ವಾಕಡ್‌ನ ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ನಾನು ಎರಡು ಊರುಗೋಲು ಹಿಡಿದು, ಒಂದು ಕೈಯಲ್ಲಿ ಚಹಾದ ಲೋಟ ಒಯ್ಯುವುದು ಹೇಗೆಂದು ನಿಂತು ಯೋಚಿಸಿದ್ದಿದೆ. ಒಯ್ಯಲಾಗದು. ಅಡುಗೆಕಟ್ಟೆಯ ಬಳಿಯೇ ನಿಂತು ಕುಡಿಯಬೇಕು. ಪಕ್ಕದ ಮನೆಯ ಮರಾಠಿ ಕಾಕು ದಿನಾ ಸಂಜೆ ಭಾಕರಿ ಕೊಟ್ಟು ಹೋಗುತ್ತಿದ್ದರು. ಆ ಹಾಸನದ ಹುಡುಗ ಮೂರು ವಾರ ನನ್ನ ಕೋಣೆಯಲ್ಲೇ ಮಲಗಿದ. ಇವರಿಲ್ಲದಿದ್ದರೆ ಏನಾಗುತ್ತಿತ್ತೋ. ಪರಊರಿನಲ್ಲಿ ನಮ್ಮ ಮೊಣಕಾಲು ನಮ್ಮೊಬ್ಬರದಲ್ಲ. ಅದು ಹೋದ ದಿನ ಯಾರೋ ತಮ್ಮ ಕೆಲಸ ಬಿಟ್ಟು ನಮ್ಮ ಬಳಿ ನಿಲ್ಲಬೇಕಾಗುತ್ತದೆ.

ಆದ್ದರಿಂದ ಪುಣೆ, ಹೈದರಾಬಾದ್, ಚೆನ್ನೈ ಎಲ್ಲೆಲ್ಲಿ ಕನ್ನಡಿಗರ ಬೈಕ್ ಗುಂಪುಗಳಿವೆಯೋ ಅಲ್ಲಿಗೆಲ್ಲ ನನ್ನದೊಂದು ಮನವಿ. ಹೆಲ್ಮೆಟ್ ಇಲ್ಲದವರನ್ನು ನಾವು ಈಗಾಗಲೇ ಸವಾರಿಗೆ ಕರೆದೊಯ್ಯುವುದಿಲ್ಲ. ಮಣ್ಣಿನ ದಾರಿಯಾದರೆ ಮೊಣಕಾಲಿನ ಗಾರ್ಡ್ ಮತ್ತು ಬೂಟು ಇಲ್ಲದವರನ್ನೂ ಕರೆದೊಯ್ಯುವುದು ಬೇಡ. ಹೊಸಬರಿಗೆ ಕೊಳ್ಳಲು ಆಗದಿದ್ದರೆ ಗುಂಪಿನ ಹಣದಲ್ಲಿ ಬೇರೆ ಬೇರೆ ಗಾತ್ರದ ಎರಡು ಮೂರು ಜೊತೆ ತಂದಿಡಿ, ಸವಾರಿ ಮುಗಿದ ಮೇಲೆ ವಾಪಸ್ ಪಡೆಯಿರಿ. ಹೊರಡುವ ಮುಂಚೆ ಟೈರಿನ ಗಾಳಿ ನೋಡುವಾಗಲೇ ಒಬ್ಬರ ಗಾರ್ಡಿನ ಪಟ್ಟಿಯನ್ನು ಇನ್ನೊಬ್ಬರು ಎಳೆದು ನೋಡಿ. ದೊಡ್ಡ ಏಟು ತಿಂದ ಗಾರ್ಡನ್ನು, ಬಿರುಕು ಬಿಟ್ಟ ಚಿಪ್ಪನ್ನು ಬದಲಿಸಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಪಡಸಾಲೆಯಲ್ಲಿ ತಾಟು ಹಾಕಿದ್ದರು. ಅಪ್ಪ ಅಭ್ಯಾಸಬಲದಿಂದ ಕುರ್ಚಿ ತರಲು ಎದ್ದರು. ಬೇಡವೆಂದು ಹೇಳಿ ನಾನು ನಿಧಾನವಾಗಿ ಕಾಲು ಮಡಚಿ ಅವರ ಪಕ್ಕದಲ್ಲಿ ಕೂತೆ. ಎಡಗಾಲು ಇನ್ನೂ ಪೂರ್ತಿ ನೆಲಕ್ಕೆ ತಾಗುವುದಿಲ್ಲ. ಅವ್ವ ಅದನ್ನು ನೋಡಿದಳು, ಏನೂ ಅನ್ನಲಿಲ್ಲ, ಬೇವು ಬೆಲ್ಲ ಬಡಿಸಿ ಮುಂದೆ ಹೋದಳು. ನಾನು ಮತ್ತೆ ಬೈಕು ಹತ್ತಿದ್ದೇನೆ ಎಂಬುದನ್ನು ಅವಳಿಗೆ ಈ ಸಲ ಹೇಳಿದ್ದೇನೆ. ಕಾಲಿಗೆ ಏನು ಹಾಕಿಕೊಳ್ಳುತ್ತೇನೆ ಎಂಬುದನ್ನೂ ತೋರಿಸಿದ್ದೇನೆ, ವಿಡಿಯೊ ಕರೆಯಲ್ಲಿ, ಫೋನನ್ನು ಕೆಳಗೆ ತಿರುಗಿಸಿ.